ಅರಬ್ಬೀ ಸಮುದ್ರದ ಆಮ್ಲಜನಕ ಕನಿಷ್ಠ ವಲಯ

ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀ. ಆಳದಲ್ಲಿ ಶುರುವಾಗಿ 1,000 ಮೀ.ಗೂ ಕೆಳಗೆ ಇಳಿಯುವ, ಕರಗಿದ ಆಮ್ಲಜನಕ ತೀರ ಕಡಿಮೆ ಇರುವ ನೀರಿನ ದಪ್ಪ ಪದರ. ಇದರ ನಡುಭಾಗದಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬಹುದು. ತೆರೆದ ಸಾಗರದಲ್ಲಿ ಇಷ್ಟು ತೀವ್ರವಾದ ಬೃಹತ್ ವಲಯಗಳು ಜಗತ್ತಿನಲ್ಲಿ ಮೂರೇ. ಪೂರ್ವ ಪೆಸಿಫಿಕ್‌ನಲ್ಲಿ ಸಮಭಾಜಕ ವೃತ್ತದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇವೆ; ಮೂರನೆಯದು ಇದು.

ಸುತ್ತಲಿನ ಭೂಭಾಗದ ಆಕಾರ ಮತ್ತು ಮುಂಗಾರು ಮಾರುತ ಈ ವಲಯಕ್ಕೆ ಜಾಗ ಮಾಡಿಕೊಟ್ಟಿವೆ. ಅದನ್ನು ಉಂಟುಮಾಡಿ ಉಳಿಸಿಕೊಂಡಿರುವುದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಆಮ್ಲಜನಕ ಮುಗಿದ ಮೇಲೆ ಅವು ಉಸಿರಾಟಕ್ಕೆ ಬೇರೆ ಯಾವ ವಸ್ತುವನ್ನು ಬಳಸುತ್ತವೆ ಎಂಬುದರ ಮೇಲೆ ಸಮುದ್ರದ ಫಲವತ್ತತೆ, ಮೀನಿನ ನೆಲೆ ಮತ್ತು ಗಾಳಿಗೆ ಸೇರುವ ಅನಿಲ ಮೂರೂ ನಿಂತಿವೆ. ಅರಬ್ಬೀ ಸಮುದ್ರದ ಮತ್ಸ್ಯಸಂಪತ್ತಿಗೆ ಯಾವುದು ಮೂಲವೋ ಅದರ ಆಳದ ಉಸಿರುಕಟ್ಟಿಗೂ ಅದೇ ಮೂಲ.

ಭೌಗೋಳಿಕ ಹಿನ್ನೆಲೆ

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳು ಉತ್ತರದ ಶೀತವಲಯದವರೆಗೆ ಚಾಚಿಕೊಂಡಿವೆ. ಅಲ್ಲಿ ಚಳಿಗಾಲದಲ್ಲಿ ತಣ್ಣಗಾಗಿ ಭಾರವಾದ ಮೇಲ್ನೀರು ಗಾಳಿಯಿಂದ ಹೀರಿಕೊಂಡ ಆಮ್ಲಜನಕವನ್ನು ಹೊತ್ತು ಕೆಳಗಿಳಿಯುತ್ತದೆ. ಹಿಂದೂ ಮಹಾಸಾಗರಕ್ಕೆ ಆ ಅನುಕೂಲವಿಲ್ಲ. ಅರಬ್ಬೀ ಸಮುದ್ರವನ್ನು ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಏಷ್ಯಾ ಖಂಡ ತಡೆದು ನಿಲ್ಲಿಸಿದೆ. ಹೀಗಾಗಿ ನಡು ಆಳದ ನೀರು ಬಹುಪಾಲು ದಕ್ಷಿಣ ಗೋಳಾರ್ಧದಿಂದ ಬರಬೇಕು. ದೀರ್ಘ ಪಯಣದಲ್ಲಿ ಅದರ ಆಮ್ಲಜನಕದ ಒಂದಷ್ಟು ಪಾಲು ದಾರಿಯಲ್ಲೇ ಖರ್ಚಾಗಿರುತ್ತದೆ.

ಪರ್ಷಿಯನ್ ಕೊಲ್ಲಿ ಮತ್ತು ಕೆಂಪು ಸಮುದ್ರದಿಂದ ಹೊರಬರುವ ಉಪ್ಪು ಹೆಚ್ಚಿದ, ಭಾರವಾದ ನೀರು ಈ ಪದರದೊಳಕ್ಕೆ ನುಗ್ಗಿ ಸ್ವಲ್ಪ ಆಮ್ಲಜನಕ ಒದಗಿಸುತ್ತದೆ. ಅದು ಮೇಲಿನಿಂದ ಸುರಿಯುವ ಸಾವಯವ ವಸ್ತುವನ್ನು ಕೊಳೆಸಲು ಸಾಲದು.

ಮಾರುತಗಳು ಮತ್ತು ಪೋಷಕಾಂಶ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಆಫ್ರಿಕಾದ ಕೊಂಬಿನಿಂದ ಭಾರತದತ್ತ ಬೀಸುವಾಗ ಅದರ ತೀವ್ರವಾದ ನಡುಧಾರೆಗೆ ಫಿಂಡ್‌ಲೇಟರ್ ಜೆಟ್ ಎಂದು ಹೆಸರು. ಈ ಗಾಳಿ ಸೊಮಾಲಿಯಾ ಮತ್ತು ಓಮನ್ ಕರಾವಳಿಯ ಮೇಲ್ನೀರನ್ನು ನಡುಗಡಲಿನತ್ತ ದೂಡುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನಿಂದ ತಣ್ಣನೆಯ, ನೈಟ್ರೇಟ್ ಮತ್ತು ಫಾಸ್ಫೇಟ್ ತುಂಬಿದ ನೀರು ಮೇಲೇರುತ್ತದೆ. ಬಿಸಿಲು ಬೀಳುವ ಪದರಕ್ಕೆ ಹೀಗೆ ಗೊಬ್ಬರ ಸಿಕ್ಕಿದ ಕೂಡಲೇ ತೇಲುವ ಸೂಕ್ಷ್ಮ ದ್ಯುತಿಸಂಶ್ಲೇಷಕ ಜೀವಿಗಳಾದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಭಾರತದ ನೈಋತ್ಯ ಕರಾವಳಿಯಲ್ಲೂ ಇದೇ ಋತುವಿನಲ್ಲಿ ನೀರು ಮೇಲೇರುತ್ತದೆ, ಆದರೆ ಬಲ ಕಡಿಮೆ. ಅದು ದಕ್ಷಿಣದ ತುದಿಯಲ್ಲಿ ಮೊದಲು ಕಾಣಿಸಿಕೊಂಡು ಉತ್ತರಕ್ಕೆ ಸರಿಯುತ್ತ ಬರುತ್ತದೆ.

ಚಳಿಗಾಲದ ಕ್ರಮ ಬೇರೆ. ಈಶಾನ್ಯದಿಂದ ಬೀಸುವ ಒಣ ತಂಪು ಗಾಳಿ ಉತ್ತರ ಅರಬ್ಬೀ ಸಮುದ್ರದ ಮೇಲ್ನೀರನ್ನು ತಣ್ಣಗಾಗಿಸುತ್ತದೆ. ಆವಿಯಾಗುವಿಕೆಯಿಂದ ಲವಣಾಂಶವೂ ಏರಿ ನೀರು ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನದು ಮೇಲಕ್ಕೆ ಬರುತ್ತದೆ. ಈ ಕಲಕಾಟದಿಂದ ಫೆಬ್ರವರಿ–ಮಾರ್ಚ್ ಹೊತ್ತಿಗೆ ಎರಡನೆಯ ಪ್ಲವಕ ಬೆಳೆ ಬರುತ್ತದೆ. ಇದರ ಬಗೆಯನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದರು. ವರ್ಷಕ್ಕೆ ಎರಡು ಬಾರಿ ಹೀಗೆ ಬೆಳೆ ತೆಗೆಯುವ ಉಷ್ಣವಲಯದ ಸಮುದ್ರ ಅಪರೂಪ.

ಮೇಲ್ಪದರದ ಸೂಕ್ಷ್ಮಜೀವಿಗಳು

ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಕ ಜೀವರಾಶಿಯಲ್ಲಿ ಸಸ್ಯಪ್ಲವಕಗಳ ತೂಕ ಸುಮಾರು 1 ಶೇಕಡ. ಭೂಮಿಯ ಪ್ರಾಥಮಿಕ ಉತ್ಪಾದನೆಯಲ್ಲಿ ಅವುಗಳ ಪಾಲು ಸುಮಾರು ಅರ್ಧ. ಅರಬ್ಬೀ ಸಮುದ್ರದಲ್ಲಿ ಋತುವಿಗೆ ತಕ್ಕಂತೆ ಇವುಗಳ ಬಗೆ ಬದಲಾಗುತ್ತದೆ. ಪೋಷಕಾಂಶ ಧಾರಾಳವಾಗಿರುವಾಗ ಸಿಲಿಕಾದ ಚಿಪ್ಪು ಹೊತ್ತ ಡಯಾಟಮ್‌ಗಳ ಮೇಲುಗೈ. ಎರಡು ಮಾರುತಗಳ ನಡುವೆ ಸಮುದ್ರ ಬೆಚ್ಚಗೆ, ನಿಶ್ಚಲವಾಗಿದ್ದು ಪೋಷಕಾಂಶ ಬರಿದಾದಾಗ ಪ್ರೊಕ್ಲೊರೊಕಾಕಸ್ ಮತ್ತು ಸಿನೆಕೊಕಾಕಸ್ ಎಂಬ ಅತಿ ಸಣ್ಣ ಸಯನೊಬ್ಯಾಕ್ಟೀರಿಯಾಗಳ ಕಾಲ. ಪ್ರೊಕ್ಲೊರೊಕಾಕಸ್‌ನ ಅಗಲ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಭೂಮಿಯಲ್ಲಿ ಅತ್ಯಧಿಕ ಸಂಖ್ಯೆಯಲ್ಲಿರುವ ದ್ಯುತಿಸಂಶ್ಲೇಷಕ ಜೀವಿ ಇದೇ ಆದರೂ ಸ್ಯಾಲಿ ಚಿಸ್‌ಹೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ವರದಿ ಮಾಡುವವರೆಗೆ ವಿಜ್ಞಾನಕ್ಕೆ ಇದರ ಗುರುತಿರಲಿಲ್ಲ.

ಫೆಬ್ರವರಿಯಿಂದ ಮೇವರೆಗೆ ಗೋವಾ, ಕರ್ನಾಟಕ, ಕೇರಳಗಳ ಕರಾವಳಿಯಾಚೆ ನೀರಿನ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಂದು ಪಟ್ಟೆಗಳು ತೇಲುವುದುಂಟು. ಇವು ಟ್ರೈಕೊಡೆಸ್ಮಿಯಂ ಎಂಬ ಸಯನೊಬ್ಯಾಕ್ಟೀರಿಯಾದ ಎಳೆಗಳ ಗೊಂಚಲು. ನೀರಿನಲ್ಲಿ ನೈಟ್ರೇಟ್ ಇಲ್ಲದ ಈ ಕಾಲದಲ್ಲಿ ಟ್ರೈಕೊಡೆಸ್ಮಿಯಂ ನೀರಿನಲ್ಲಿ ಕರಗಿರುವ ಸಾರಜನಕ ಅನಿಲವನ್ನೇ ಹಿಡಿದು ಅಮೋನಿಯಂ ಮಾಡಿಕೊಳ್ಳುತ್ತದೆ. ಸತ್ತು ಕೊಳೆತಾಗ ಆ ಸಾರಜನಕ ಇತರ ಜೀವಿಗಳಿಗೆ ದಕ್ಕುತ್ತದೆ.

ಪ್ಲವಕಗಳನ್ನು ತಿನ್ನುವ ಪ್ರಾಣಿಗಳ ಲೆಕ್ಕದಲ್ಲಿ ಒಂದು ಒಗಟಿತ್ತು. ಸಸ್ಯಪ್ಲವಕ ಋತುವಿನಿಂದ ಋತುವಿಗೆ ಅಷ್ಟೊಂದು ಏರಿಳಿದರೂ ಮೇಲ್ಪದರದ ಪ್ರಾಣಿಪ್ಲವಕದ ಪ್ರಮಾಣ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಬಡ ಋತುವಿನಲ್ಲಿ ಇವು ಬದುಕುವುದು ಹೇಗೆ ಎಂಬುದಕ್ಕೆ ಸೂಕ್ಷ್ಮಜೀವಿಗಳ ಆಹಾರ ಕುಣಿಕೆಯಲ್ಲಿ ಉತ್ತರ ಸಿಕ್ಕಿತು. ಪ್ಲವಕಗಳಿಂದ ಸೋರುವ ಸಾವಯವ ವಸ್ತು ನೀರಿನಲ್ಲಿ ಕರಗಿರುತ್ತದೆ. ಅದನ್ನು ಬ್ಯಾಕ್ಟೀರಿಯಾ ಹೀರುತ್ತವೆ. ಅವನ್ನು ಏಕಕೋಶ ಜೀವಿಗಳು ನುಂಗುತ್ತವೆ. ಅವು ಪ್ರಾಣಿಪ್ಲವಕಕ್ಕೆ ಆಹಾರವಾಗುತ್ತವೆ. ಸಮುದ್ರದ ಆಹಾರಜಾಲದಲ್ಲಿ ಬ್ಯಾಕ್ಟೀರಿಯಾಗಳಿಗೆ ಇಂಥ ದೊಡ್ಡ ಪಾತ್ರವಿದೆಯೆಂದು 1974ರಲ್ಲಿ ಲಾರೆನ್ಸ್ ಪೊಮರಾಯ್ ವಾದಿಸಿದ್ದರು. 1983ರಲ್ಲಿ ಫಾರೂಕ್ ಆಜಮ್ ಮತ್ತು ಸಂಗಡಿಗರು ಅದಕ್ಕೆ ಸ್ಪಷ್ಟ ರೂಪ ಕೊಟ್ಟರು. ಒಂದು ಮಿಲಿಲೀಟರ್ ಮೇಲ್ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ, ಅದರ ಸುಮಾರು ಹತ್ತು ಪಟ್ಟು ವೈರಸ್‌ಗಳು ಇರುತ್ತವೆ. ವೈರಸ್‌ಗಳು ಬ್ಯಾಕ್ಟೀರಿಯಾವನ್ನು ಒಡೆದಾಗಲೂ ಒಳಗಿನ ವಸ್ತು ಮತ್ತೆ ನೀರಿಗೇ ಸೇರಿ ಈ ಕುಣಿಕೆ ಸುತ್ತುತ್ತಲೇ ಇರುತ್ತದೆ.

ಆಮ್ಲಜನಕ ಖರ್ಚಾಗುವ ಬಗೆ

ಸತ್ತ ಪ್ಲವಕ, ಪ್ರಾಣಿಗಳ ಮಲ, ಲೋಳೆಯಂಥ ಅಂಟು ಎಲ್ಲ ಸೇರಿ ಕಣಗಳಾಗಿ ಕೆಳಗಿಳಿಯುತ್ತವೆ. ದಾರಿಯಲ್ಲಿ ಬ್ಯಾಕ್ಟೀರಿಯಾ ಅವನ್ನು ಕೊಳೆಸುತ್ತವೆ. ಕೊಳೆಯುವುದೆಂದರೆ ರಾಸಾಯನಿಕವಾಗಿ ಉಸಿರಾಟವೇ: ಆಮ್ಲಜನಕ ಕಳೆಯುತ್ತದೆ, ಇಂಗಾಲದ ಡೈಆಕ್ಸೈಡ್, ನೈಟ್ರೇಟ್, ಫಾಸ್ಫೇಟ್ ಬಿಡುಗಡೆಯಾಗುತ್ತವೆ. ಪ್ಲವಕಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕಗಳು ಸರಾಸರಿ 106:16:1ರ ಅನುಪಾತದಲ್ಲಿರುತ್ತವೆ. ಆಳದ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಕೂಡ ಇದೇ 16:1ರ ಆಸುಪಾಸಿನಲ್ಲಿರುತ್ತವೆ; ಈ ಹೊಂದಾಣಿಕೆಯನ್ನು 1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಗುರುತಿಸಿದ್ದರು. ಅರಬ್ಬೀ ಸಮುದ್ರದ ನಡು ಆಳದಲ್ಲಿ ಈ ಲೆಕ್ಕ ತಾಳೆಯಾಗುವುದಿಲ್ಲ. ಫಾಸ್ಫೇಟ್ ಇರಬೇಕಾದಷ್ಟಿದೆ, ನೈಟ್ರೇಟ್ ಕಡಿಮೆಯಿದೆ. ಕಾಣೆಯಾದ ನೈಟ್ರೇಟ್ ಎಲ್ಲಿ ಹೋಯಿತೆಂಬ ಪ್ರಶ್ನೆಯೇ ಈ ವಲಯದ ಸೂಕ್ಷ್ಮಜೀವಿಗಳ ಕಡೆಗೆ ಬೊಟ್ಟು ಮಾಡುತ್ತದೆ.

ಸಮುದ್ರದ ಪಶ್ಚಿಮ ಭಾಗದಲ್ಲಿ ಉತ್ಪಾದನೆ ಹೆಚ್ಚು. ಅತಿ ತೀವ್ರ ಕೊರತೆ ಇರುವುದು ಮಧ್ಯ ಮತ್ತು ಈಶಾನ್ಯ ಭಾಗದಲ್ಲಿ. ಪಶ್ಚಿಮಕ್ಕೆ ದಕ್ಷಿಣದಿಂದ ಹೊಸ ನೀರು ಬೇಗ ಬಂದು ಸೇರುತ್ತದೆ. ಪೂರ್ವಕ್ಕೆ ಸಾವಯವ ವಸ್ತು ಹರಿದುಬಂದರೂ ನೀರಿನ ವಿನಿಮಯ ನಿಧಾನ. ಖರ್ಚು ಎಷ್ಟು ಎಂಬುದರ ಜೊತೆಗೆ ಆವಕ ಎಷ್ಟು ಎಂಬುದನ್ನೂ ನೋಡಬೇಕು.

ಆಮ್ಲಜನಕವಿಲ್ಲದ ಉಸಿರಾಟ

ಆಮ್ಲಜನಕ ಮುಗಿದಾಗ ಅನೇಕ ಬ್ಯಾಕ್ಟೀರಿಯಾ ಅದರ ಬದಲಿಗೆ ನೈಟ್ರೇಟ್ ಬಳಸಿ ಉಸಿರಾಡುತ್ತವೆ. ನೈಟ್ರೇಟ್ ಮೊದಲು ನೈಟ್ರೈಟ್ ಆಗುತ್ತದೆ, ಅದು ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಹಂತ ದಾಟಿ ಕೊನೆಗೆ ಸಾರಜನಕ ಅನಿಲವಾಗುತ್ತದೆ. ಈ ಸರಣಿಗೆ ವಿನೈಟ್ರೀಕರಣ ಎಂದು ಹೆಸರು. ಬಹುಪಾಲು ಜೀವಿಗಳು ಸಾರಜನಕ ಅನಿಲವನ್ನು ಬಳಸಲಾರವು. ಆದ್ದರಿಂದ ಈ ಕ್ರಿಯೆಯೆಂದರೆ ಸಾಗರದ ಗೊಬ್ಬರದ ನಷ್ಟ. ಮೇಲ್ಪದರದಲ್ಲಿ ಟ್ರೈಕೊಡೆಸ್ಮಿಯಂ ಗಳಿಸಿದ್ದನ್ನು ಕೆಳಗೆ ಈ ಬ್ಯಾಕ್ಟೀರಿಯಾ ಗಾಳಿಗೆ ಹಿಂದಿರುಗಿಸುತ್ತವೆ.

ಇದೇ ನಷ್ಟಕ್ಕೆ ಮತ್ತೊಂದು ದಾರಿಯೂ ಇದೆ. ಅನಾಮಾಕ್ಸ್ ಎಂಬ ಕ್ರಿಯೆಯಲ್ಲಿ ಕೆಲವು ಬ್ಯಾಕ್ಟೀರಿಯಾ ಅಮೋನಿಯಂ ಮತ್ತು ನೈಟ್ರೈಟ್‌ಗಳನ್ನು ಸೇರಿಸಿ ಸಾರಜನಕ ಅನಿಲ ಮಾಡುತ್ತವೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ತ್ಯಾಜ್ಯನೀರಿನ ಘಟಕವೊಂದರಲ್ಲಿ ಪತ್ತೆಯಾದ ಈ ಕ್ರಿಯೆ 2003ರಲ್ಲಿ ಕಪ್ಪು ಸಮುದ್ರದಲ್ಲೂ ಕಂಡಿತು. ಪೆಸಿಫಿಕ್‌ನಲ್ಲಿ ಇದರದ್ದೇ ಮೇಲುಗೈ ಎಂಬ ವರದಿಗಳು ಬಂದವು. ಅರಬ್ಬೀ ಸಮುದ್ರದಲ್ಲಿ ಪ್ರಯೋಗ ನಡೆಸಿದ ಬೆಸ್ ವಾರ್ಡ್ ಮತ್ತು ಸಂಗಡಿಗರು ಇಲ್ಲಿ ವಿನೈಟ್ರೀಕರಣವೇ ಮುಖ್ಯವೆಂದು 2009ರಲ್ಲಿ ತೋರಿಸಿದರು.

ನೈಟ್ರೇಟ್ ಕೂಡ ತೀರಿದರೆ ಸರದಿ ಸಲ್ಫೇಟಿನದು. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿದೆ. ಅದನ್ನು ಉಸಿರಾಡುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹೊರಬಿಡುತ್ತವೆ. ತೆರೆದ ಅರಬ್ಬೀ ಸಮುದ್ರದ ನೀರು ಸಾಮಾನ್ಯವಾಗಿ ಈ ಹಂತ ಮುಟ್ಟುವುದಿಲ್ಲ. ಕರಾವಳಿಯಲ್ಲಿ ಮುಟ್ಟುವುದುಂಟು.

ಅಳತೆಯ ವಿಧಾನ

ಈ ಪದರಗಳನ್ನು ಹಡಗಿನ ಪ್ರಯೋಗಾಲಯದಲ್ಲಿ ಬಣ್ಣದಿಂದಲೇ ಗುರುತಿಸಬಹುದು. ಬೇರೆ ಬೇರೆ ಆಳದಿಂದ ತಂದ ನೀರನ್ನು ಗಾಳಿ ತಾಗದಂತೆ ಗಾಜಿನ ಸೀಸೆಗೆ ತುಂಬಿ, ಮ್ಯಾಂಗನೀಸ್ ಲವಣವನ್ನೂ ಅಯೊಡೈಡ್ ಬೆರೆತ ಕ್ಷಾರವನ್ನೂ ಸೇರಿಸುತ್ತಾರೆ. ನೀರಿನಲ್ಲಿ ಆಮ್ಲಜನಕವಿದ್ದರೆ ಸೀಸೆಯೊಳಗೆ ಕಂದು ಗಸಿ ಮೂಡುತ್ತದೆ. ಮೇಲ್ನೀರಿನ ಸೀಸೆ ಗಾಢ ಕಂದು, ಆಳಕ್ಕೆ ಹೋದಂತೆ ಬಣ್ಣ ತಿಳಿಯಾಗುತ್ತದೆ, 200–300 ಮೀ. ಆಳದ ಸೀಸೆಯಲ್ಲಿ ಗಸಿ ಬೆಳ್ಳಗೇ ಉಳಿಯುತ್ತದೆ. ಅದೇ ಆಳದ ನೀರನ್ನು ಇನ್ನೊಂದು ನಳಿಕೆಗೆ ಹಾಕಿ ನೈಟ್ರೈಟ್ ಪರೀಕ್ಷೆಯ ರಾಸಾಯನಿಕ ಸೇರಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಗಸಿ ಆಮ್ಲಜನಕ ಇಲ್ಲವೆಂದೂ, ಗುಲಾಬಿ ಬಣ್ಣ ನೈಟ್ರೇಟಿನ ಉಸಿರಾಟ ನಡೆದಿದೆಯೆಂದೂ ತಿಳಿಸುತ್ತದೆ.

1888ರಲ್ಲಿ ಲಾಜೋಸ್ ವಿಂಕ್ಲರ್ ರೂಪಿಸಿದ ಈ ಆಮ್ಲಜನಕ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆದರೆ ಅತಿ ಕಡಿಮೆ ಮಟ್ಟದಲ್ಲಿ ಅದನ್ನು ನೆಚ್ಚುವಂತಿಲ್ಲ. ಅರಬ್ಬೀ ಸಮುದ್ರದ ಮೇಲ್ನೀರಿನಲ್ಲಿ ಲೀಟರಿಗೆ ಸುಮಾರು 200 ಮೈಕ್ರೋಮೋಲ್ ಆಮ್ಲಜನಕವಿರುತ್ತದೆ. ಸೂಕ್ಷ್ಮಜೀವಿಗಳ ರಸಾಯನ ತಿರುವು ಪಡೆಯುವುದು ಅದರ ಸಾವಿರದ ಒಂದು ಭಾಗ, ಅಂದರೆ ನ್ಯಾನೋಮೋಲ್‌ಗಳ ಮಟ್ಟದಲ್ಲಿ. 2009ರ ಸುಮಾರಿಗೆ ಬಂದ ಹೊಸ ಬಗೆಯ ಸೂಕ್ಷ್ಮ ಸಂವೇದಕಗಳು ಇದನ್ನು ಅಳೆಯತೊಡಗಿದವು.

ಬಂಗಾಳ ಕೊಲ್ಲಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಈ ಅಳತೆಯ ಮಹತ್ವ ತಿಳಿಯುತ್ತದೆ. ಅಲ್ಲಿಯೂ ನಡು ಆಳದಲ್ಲಿ ಆಮ್ಲಜನಕ ತೀರ ಕಡಿಮೆ. ಹಳೆಯ ವಿಧಾನದಲ್ಲಿ ಅಳೆದರೆ ಎರಡೂ ಸಮುದ್ರಗಳು ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಲಾರಾ ಬ್ರಿಸ್ಟೋ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಂಗಾಳ ಕೊಲ್ಲಿಯಲ್ಲಿ ಕೆಲವು ಹತ್ತು, ನೂರು ನ್ಯಾನೋಮೋಲ್‌ಗಳಷ್ಟು ಆಮ್ಲಜನಕದ ಕುರುಹು ಉಳಿದಿದೆ. ಅಷ್ಟು ಸಾಕಾಗಿ ಅಲ್ಲಿ ನೈಟ್ರೈಟ್ ಮತ್ತೆ ನೈಟ್ರೇಟ್ ಆಗುತ್ತದೆ, ದೊಡ್ಡ ಮಟ್ಟದ ಸಾರಜನಕ ನಷ್ಟ ನಡೆಯುವುದಿಲ್ಲ.

ಪಶ್ಚಿಮ ಕರಾವಳಿಯ ಋತುಮಾನದ ಕೊರತೆ

ತೆರೆದ ಸಮುದ್ರದ ವಲಯ ಶಾಶ್ವತ. ಭಾರತದ ಪಶ್ಚಿಮ ಕರಾವಳಿಗೆ ಅಂಟಿಕೊಂಡ ಆಳವಿಲ್ಲದ ಕಡಲಿನಲ್ಲಿ ಇದಕ್ಕಿಂತ ಭಿನ್ನವಾದ, ವರ್ಷಕ್ಕೊಮ್ಮೆ ಬಂದುಹೋಗುವ ಕೊರತೆಯಿದೆ. ಸುಮಾರು 1,80,000 ಚ.ಕಿ.ಮೀ. ಹರಡುವ ಇದನ್ನು ಕರಾವಳಿಯ ಆಳವಿಲ್ಲದ ನೀರಿನಲ್ಲಿ ಸಹಜವಾಗಿ ಉಂಟಾಗುವ ಕಡಿಮೆ ಆಮ್ಲಜನಕ ವಲಯಗಳಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಪರಿಗಣಿಸಲಾಗಿದೆ.

ಮುಂಗಾರಿನಲ್ಲಿ ಕೆಳಗಿನಿಂದ ಏರಿಬರುವ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಕರಾವಳಿಯಲ್ಲಿ ಮಳೆ ಸುರಿಯುತ್ತದೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯಂಥ ಪಶ್ಚಿಮಕ್ಕೆ ಹರಿಯುವ ನದಿಗಳು ಘಟ್ಟದ ನೀರನ್ನು ತಂದು ಸುರಿಯುತ್ತವೆ. ಹಗುರವಾದ ಈ ಸಿಹಿನೀರು ಕೆಲವು ಮೀಟರ್ ದಪ್ಪದ ಪದರವಾಗಿ ಉಪ್ಪುನೀರಿನ ಮೇಲೆ ನಿಂತು ಮುಚ್ಚಳದ ಕೆಲಸ ಮಾಡುತ್ತದೆ. ಮೇಲಿನ ಗಾಳಿ ಕೆಳಗಿನ ನೀರಿಗೆ ತಲುಪುವುದಿಲ್ಲ. ಮೇಲೆ ಹುಲುಸಾಗಿ ಬೆಳೆದ ಪ್ಲವಕ ಸತ್ತು ಕೆಳಕ್ಕೆ ಬೀಳುತ್ತದೆ.

ಗೋವಾದ ಕಾಂದೋಳಿ ಕಡಲತೀರದ ಎದುರಿನ ನಿಗದಿತ ತಾಣದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1997ರಿಂದ ನಡೆಸಿದ ಅಳತೆಗಳು ಈ ವಾರ್ಷಿಕ ಚಕ್ರವನ್ನು ಹಂತಹಂತವಾಗಿ ದಾಖಲಿಸಿವೆ. ಮಳೆ ಬಲವಾದಂತೆ ತಳದ ನೀರಿನ ಆಮ್ಲಜನಕ ಇಳಿಯುತ್ತದೆ. ಆಗಸ್ಟ್ ಕಳೆಯುತ್ತಿದ್ದಂತೆ ನೈಟ್ರೇಟ್ ಕರಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದಿಂದ ಎತ್ತಿದ ನೀರಿಗೆ ಕೊಳೆತ ಮೊಟ್ಟೆಯ ನಾತ ಬರುವುದುಂಟು. ಅದು ಹೈಡ್ರೋಜನ್ ಸಲ್ಫೈಡಿನ ಗುರುತು. ಮುಂದೆ ಕರಾವಳಿ ಪ್ರವಾಹ ದಿಕ್ಕು ಬದಲಿಸಿ ಉತ್ತರಕ್ಕೆ ಹರಿಯತೊಡಗಿದಾಗ ನೀರು ಕೆಳಗಿಳಿದು ಆಮ್ಲಜನಕ ಮರಳುತ್ತದೆ. ಈ ಕರಾವಳಿಯಲ್ಲಿ ಕೊರತೆ ತೀವ್ರವಾಗಿ ನೈಟ್ರಸ್ ಆಕ್ಸೈಡ್ ದೊಡ್ಡ ಪ್ರಮಾಣದಲ್ಲಿ ಶೇಖರವಾಗುತ್ತಿರುವುದನ್ನು ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಹೊಲಗಳಿಂದ ಮತ್ತು ಗಾಳಿಯಿಂದ ಬಂದು ಸೇರುವ ಸಾರಜನಕ ಇದಕ್ಕೆ ಇಂಬು ಕೊಟ್ಟಿರಬಹುದೆಂದು ಅವರು ಸೂಚಿಸಿದರು.

ಮೀನು ಮತ್ತು ಮೀನುಗಾರಿಕೆ

ಲೀಟರಿಗೆ ಸುಮಾರು 60 ಮೈಕ್ರೋಮೋಲ್‌ಗಿಂತ ಆಮ್ಲಜನಕ ಇಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ತಳದ ಮೀನು, ಸಿಗಡಿಗಳು ಆಗ ಜಾಗ ಬಿಡುತ್ತವೆ. ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಾದ ನೀರು ಕೊಚ್ಚಿಯ ಕರಾವಳಿಯನ್ನು ಆವರಿಸಿದಾಗ ತಳದ ಬಲೆಗೆ ಬೀಳುವ ಮೀನು ಕುಸಿಯುವುದನ್ನು ಕಾರ್ಲ್ ಬಾನ್ಸೆ 1959ರಲ್ಲೇ ಬರೆದಿದ್ದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅದು ಮುಗಿದು ಮಲ್ಪೆ, ಮಂಗಳೂರು, ಕಾರವಾರದ ಬೋಟುಗಳು ಕಡಲಿಗಿಳಿಯುವ ವಾರಗಳೂ ತಳದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವ ವಾರಗಳೂ ಬಹುಮಟ್ಟಿಗೆ ಒಂದೇ.

ಮೇಲ್ನೀರಿನ ಮೀನುಗಳಿಗೆ ಅದೇ ಮೇಲೇರುವ ನೀರು ಊಟ ತರುತ್ತದೆ. ಕರಾವಳಿಯವರು ಬೂತಾಯಿ, ತಾರ್ಲಿ ಎಂದು ಕರೆಯುವ ಎಣ್ಣೆ ಬೂತಾಯಿ ಮೀನು ಡಯಾಟಮ್‌ಗಳನ್ನು ಸೋಸಿ ತಿನ್ನುತ್ತದೆ. ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಹೇರಳವಾಗಿರುವಲ್ಲಿ ಬೂತಾಯಿ ಹಿಂಡು ಸಿಗುತ್ತದೆಂದು 1950ರ ದಶಕದ ಅಧ್ಯಯನಗಳೇ ಗುರುತಿಸಿದ್ದವು. ಬೂತಾಯಿಯ ಇಳುವರಿ ಒಂದು ದಶಕದಲ್ಲಿ ದಂಡಿಯಾಗಿ, ಮತ್ತೊಂದರಲ್ಲಿ ಕುಸಿಯುವುದರಲ್ಲಿ ಅತಿ ಹಿಡಿತದ ಜೊತೆಗೆ ನೀರಿನ ಏರಿಕೆ, ಮಳೆ, ಪ್ಲವಕಗಳ ಸಮಯದ ಹೊಂದಾಣಿಕೆಯ ಪಾತ್ರವೂ ಇದೆ.

ಆಮ್ಲಜನಕವಿಲ್ಲದ ಪದರವೇ ಕೆಲವು ಜೀವಿಗಳಿಗೆ ಆಶ್ರಯ. ಮೈಮೇಲೆ ಬೆಳಕಿನ ಚುಕ್ಕೆಗಳಿರುವ ಮಿಕ್ಟೋಫಿಡ್ ಕುಟುಂಬದ ಸಣ್ಣ ಮೀನುಗಳು ಹಗಲಿನಲ್ಲಿ ಈ ಪದರದೊಳಕ್ಕೆ ಇಳಿದು ಅಡಗುತ್ತವೆ. ಬೇಟೆಯಾಡುವ ದೊಡ್ಡ ಮೀನುಗಳು ಅಲ್ಲಿಗೆ ಬರಲಾರವು. ರಾತ್ರಿ ಅವು ಪ್ರಾಣಿಪ್ಲವಕ ತಿನ್ನಲು ಮೇಲೆ ಬರುತ್ತವೆ. ಓಮನ್ ಕೊಲ್ಲಿಯಲ್ಲಿ ಇವುಗಳ ದಟ್ಟಣೆ ಗಮನಾರ್ಹ.

ಹಸಿರು ನಾಕ್ಟಿಲ್ಯೂಕ

2000ದ ದಶಕದ ಆರಂಭದಿಂದ ಉತ್ತರ ಅರಬ್ಬೀ ಸಮುದ್ರದ ಚಳಿಗಾಲದ ಬೆಳೆಯಲ್ಲಿ ಡಯಾಟಮ್‌ಗಳ ಜಾಗವನ್ನು ನಾಕ್ಟಿಲ್ಯೂಕ ಸಿಂಟಿಲ್ಯಾನ್ಸ್ ಆಕ್ರಮಿಸತೊಡಗಿತು. ಇದು ಸುಮಾರು ಅರ್ಧದಿಂದ ಒಂದು ಮಿಲಿಮೀಟರ್ ಗಾತ್ರದ ಏಕಕೋಶ ಜೀವಿ. ಪಾರದರ್ಶಕ ಕೋಶದೊಳಗೆ ಸಾವಿರಾರು ಸಣ್ಣ ಹಸಿರು ಪಾಚಿಕೋಶಗಳನ್ನು ಸಾಕಿಕೊಂಡಿರುತ್ತದೆ. ಬಿಸಿಲಿನಲ್ಲಿ ಅವು ಆಹಾರ ತಯಾರಿಸಿ ಕೊಡುತ್ತವೆ. ಸಾಲದಾದಾಗ ನಾಕ್ಟಿಲ್ಯೂಕ ಡಯಾಟಮ್‌ಗಳನ್ನೇ ನುಂಗುತ್ತದೆ. ಸಣ್ಣ ಪ್ರಾಣಿಪ್ಲವಕಗಳಿಗೆ ಇದು ದಕ್ಕುವ ತುತ್ತಲ್ಲ. ಇದನ್ನು ತಿನ್ನುವ ಸಾಲ್ಪ್ ಮತ್ತು ಲೋಳೆಮೀನುಗಳು ದೊಡ್ಡ ಮೀನುಗಳಿಗೆ ಒಳ್ಳೆಯ ಆಹಾರವಲ್ಲ. ಹೀಗಾಗಿ ಆಹಾರಸರಪಣಿಯೇ ಅಡ್ಡದಾರಿ ಹಿಡಿಯುತ್ತದೆ. ಕರ್ನಾಟಕದ ಕಡಲತೀರಗಳಲ್ಲಿ ಆಗಾಗ ಕಾಣುವ ರಾತ್ರಿಯ ನೀಲಿ ಬೆಳಕಿಗೂ ನಾಕ್ಟಿಲ್ಯೂಕ ಕಾರಣವಾಗಿರುವುದುಂಟು. ಅಲೆ ತಾಗಿದಾಗ ಕೋಶದೊಳಗಿನ ಲ್ಯೂಸಿಫೆರಿನ್ ಬೆಳಗುತ್ತದೆ.

ಇದರ ಹೆಚ್ಚಳದ ಕಾರಣದ ಬಗ್ಗೆ ಒಮ್ಮತವಿಲ್ಲ. ಹೆಲ್ಗಾ ಗೋಮ್ಸ್, ಜೊವಾಕಿಂ ಗೋಯಸ್ ಮತ್ತು ಸಂಗಡಿಗರು 2014ರಲ್ಲಿ ಆಮ್ಲಜನಕ ಕಡಿಮೆಯಾದ ನೀರು ಮೇಲ್ಪದರಕ್ಕೆ ನುಗ್ಗುತ್ತಿರುವುದೇ ಕಾರಣವೆಂದರು. ಈಶಾನ್ಯ ಅರಬ್ಬೀ ಸಮುದ್ರದಲ್ಲಿ ಅಳತೆ ಮಾಡಿದ ಭಾರತೀಯ ವಿಜ್ಞಾನಿಗಳು 2018ರಲ್ಲಿ ಅಂಥ ಕೊರತೆಯಿಲ್ಲದೆಯೂ ನಾಕ್ಟಿಲ್ಯೂಕ ಬೆಳೆಯುತ್ತದೆಂದು ತೋರಿಸಿದರು. ಹಿಮಾಲಯದ ಹಿಮ ಕಡಿಮೆಯಾಗಿ ಚಳಿಗಾಲದ ಗಾಳಿ ಬೆಚ್ಚಗಾದದ್ದು, ಅದರಿಂದ ಕಲಕಾಟ ತಗ್ಗಿ ಪೋಷಕಾಂಶ ಕುಂದಿದ್ದು ನಾಕ್ಟಿಲ್ಯೂಕಕ್ಕೆ ಅನುಕೂಲವಾಯಿತೆಂದು ಗೋಯಸ್ ತಂಡ 2020ರಲ್ಲಿ ವಾದಿಸಿತು.

ವಾಯುಗುಣದೊಡನೆ ಸಂಬಂಧ

ಅರಬ್ಬೀ ಸಮುದ್ರ ವಾಯುಗುಣವನ್ನು ತಟ್ಟುವ ಮುಖ್ಯ ದಾರಿ ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ ಇದರ ಶಾಖ ಹಿಡಿಯುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು. ಓಜೋನ್ ಪದರಕ್ಕೂ ಇದು ಹಾನಿಕರ. ಆಮ್ಲಜನಕ ಕಡಿಮೆ ಇದ್ದೂ ಪೂರ್ತಿ ಮುಗಿಯದ ಕಡೆ ನೈಟ್ರಸ್ ಆಕ್ಸೈಡ್ ಅತ್ಯಧಿಕವಾಗಿ ಹುಟ್ಟುತ್ತದೆ. ಪೂರ್ತಿ ಮುಗಿದಲ್ಲಿ ಬ್ಯಾಕ್ಟೀರಿಯಾ ಅದನ್ನೂ ಉಸಿರಾಡಿ ಸಾರಜನಕ ಅನಿಲ ಮಾಡಿಬಿಡುತ್ತವೆ. ಆದ್ದರಿಂದ ವಲಯದ ನಡುಭಾಗದಲ್ಲಿ ಈ ಅನಿಲ ಕಡಿಮೆ, ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಹೆಚ್ಚು. ಕರಾವಳಿಯಲ್ಲಿ ಸ್ಥಿತಿ ಬೇಗ ಬೇಗ ಬದಲಾಗುವುದರಿಂದ ಕೊನೆಯ ಹಂತದ ಕಿಣ್ವ ಹಿಂದೆ ಬೀಳುತ್ತದೆ, ನೈಟ್ರಸ್ ಆಕ್ಸೈಡ್ ಶೇಖರವಾಗುತ್ತದೆ. ನೀರಿಗೆ ಆಳವಿಲ್ಲದ್ದರಿಂದ ಗಾಳಿಗೆ ಸೇರುವುದೂ ಸುಲಭ.

ಇಂಗಾಲದ ವಿಷಯದಲ್ಲಿ ಅರಬ್ಬೀ ಸಮುದ್ರ ಸಾಗರಗಳ ಸಾಮಾನ್ಯ ನಡತೆಗೆ ಅಪವಾದ. ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಅರಬ್ಬೀ ಸಮುದ್ರವಾದರೋ ವರ್ಷದ ಒಟ್ಟು ಲೆಕ್ಕದಲ್ಲಿ ಗಾಳಿಗೆ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಆಳದಲ್ಲಿ ಕೊಳೆತು ಶೇಖರವಾದ ಇಂಗಾಲ ಮೇಲೇರುವ ನೀರಿನೊಡನೆ ಹೊರಬರುವುದೇ ಇದಕ್ಕೆ ಕಾರಣ. ಆ ನೀರು ಹೆಚ್ಚು ಆಮ್ಲೀಯವೂ ಹೌದು. ಕೈಗಾರಿಕಾ ಯುಗದಿಂದೀಚೆಗೆ ಜಗತ್ತಿನ ಮೇಲ್ನೀರಿನ ಸರಾಸರಿ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಚಿಪ್ಪು ಕಟ್ಟುವ ಜೀವಿಗಳಿಗೆ ಕರಾವಳಿಯಲ್ಲಿ ಈ ಎರಡು ಬಗೆಯ ಆಮ್ಲೀಯತೆಯೂ ಒಟ್ಟಿಗೆ ಎದುರಾಗುತ್ತವೆ.

ಗತಕಾಲದ ದಾಖಲೆ

ಪಾಕಿಸ್ತಾನದ ಕರಾವಳಿಯಾಚೆ ಈ ವಲಯ ಸಮುದ್ರತಳವನ್ನು ಮುಟ್ಟುವಲ್ಲಿ ಹೂಳನ್ನು ಕೆದಕುವ ಹುಳುಗಳು ಬದುಕುವುದಿಲ್ಲ. ಅದರಿಂದಾಗಿ ವರ್ಷವರ್ಷದ ಹೂಳು ಕದಡದೆ ತೆಳು ಪಟ್ಟೆಗಳಾಗಿ ಉಳಿದಿದೆ. ಇದರಲ್ಲಿ ಸಾರಜನಕದ ಎರಡು ಐಸೊಟೋಪ್‌ಗಳ ಪ್ರಮಾಣವನ್ನು ಅಳೆಯುತ್ತಾರೆ. ವಿನೈಟ್ರೀಕರಣದ ಬ್ಯಾಕ್ಟೀರಿಯಾ ಹಗುರವಾದ ಸಾರಜನಕ-14 ಅನ್ನು ಮೊದಲು ಆಯ್ದುಕೊಳ್ಳುವುದರಿಂದ, ಆ ಕ್ರಿಯೆ ಜೋರಾಗಿದ್ದ ಕಾಲದ ಹೂಳಿನಲ್ಲಿ ಭಾರವಾದ ಸಾರಜನಕ-15 ಹೆಚ್ಚಿರುತ್ತದೆ. ಹಿಮಯುಗದ ಶೀತಲ ಅವಧಿಗಳಲ್ಲಿ ನೈಋತ್ಯ ಮಾರುತ ಕ್ಷೀಣಿಸಿ ವಿನೈಟ್ರೀಕರಣವೂ ತಗ್ಗಿತ್ತು, ಬೆಚ್ಚಗಿನ ಅವಧಿಗಳಲ್ಲಿ ಎರಡೂ ಹೆಚ್ಚಿದ್ದವು ಎಂದು ಈ ದಾಖಲೆ ತಿಳಿಸುತ್ತದೆ. ಈ ಏರಿಳಿತಗಳು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ದಾಖಲಾದ ತಾಪದ ಏರಿಳಿತಗಳೊಡನೆ ಹೊಂದುತ್ತವೆ.

ಅಧ್ಯಯನದ ಇತಿಹಾಸ

1933–34ರಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗಿನಲ್ಲಿ ಸೀಮೋರ್ ಸೂಯೆಲ್ ನೇತೃತ್ವದಲ್ಲಿ ನಡೆದ ಜಾನ್ ಮರ್ರೆ ಯಾತ್ರೆ ಅರಬ್ಬೀ ಸಮುದ್ರದ ಆಮ್ಲಜನಕರಹಿತ ಪದರದ ವಿಸ್ತಾರವನ್ನು ಗುರುತಿಸಿತು. 1960ರ ದಶಕದ ಮೊದಲ ಭಾಗದಲ್ಲಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆ ಅನೇಕ ದೇಶಗಳ ಹಡಗುಗಳನ್ನು ಇಲ್ಲಿಗೆ ತಂದಿತು. ಅದರ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ‘ಗವೇಷಣಿ’, 1983ರಲ್ಲಿ ಬಂದ ‘ಸಾಗರ ಕನ್ಯಾ’ ಹಡಗುಗಳು ಭಾರತೀಯರ ಕೈಗೆ ಸ್ವಂತ ಅಳತೆಯ ಸಾಧನ ಕೊಟ್ಟವು. 1990ರ ದಶಕದ ಜಂಟಿ ಜಾಗತಿಕ ಸಾಗರ ಪ್ರವಾಹ ಅಧ್ಯಯನ ಇಂಗಾಲ ಮತ್ತು ಸಾರಜನಕಗಳ ಲೆಕ್ಕ ಹಾಕಿತು. 1999ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-1 ಮತ್ತು ಅದರ ಮುಂದಿನ ಉಪಗ್ರಹಗಳು ನೀರಿನ ಬಣ್ಣದಿಂದ ಪ್ಲವಕವನ್ನು ಅಂದಾಜು ಮಾಡುತ್ತವೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಮಾಹಿತಿಯಿಂದ ಮೀನು ಸಿಗಬಹುದಾದ ತಾಣಗಳ ಸೂಚನೆಯನ್ನು ಮೀನುಗಾರರಿಗೆ ಕಳಿಸುತ್ತದೆ.

ಬದಲಾವಣೆ ಮತ್ತು ಮುನ್ನೋಟ

1960ರಿಂದೀಚೆಗೆ ಜಗತ್ತಿನ ಸಾಗರಗಳು ಸುಮಾರು 2 ಶೇಕಡ ಆಮ್ಲಜನಕ ಕಳೆದುಕೊಂಡಿವೆ. ಬೆಚ್ಚಗಾದ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ, ಮೇಲ್ಪದರ ಹಗುರವಾಗಿ ಕೆಳಗಿನದರೊಡನೆ ಬೆರೆಯುವುದೂ ತಗ್ಗುತ್ತದೆ. ಓಮನ್ ಕೊಲ್ಲಿಯಲ್ಲಿ ಸ್ವಯಂಚಾಲಿತ ಗ್ಲೈಡರ್‌ಗಳು ತಂದ ಅಳತೆಗಳು ಅಲ್ಲಿನ ಕೊರತೆ ಹಿಂದಿಗಿಂತ ತೀವ್ರವಾಗಿರುವುದನ್ನು 2018ರಲ್ಲಿ ತೋರಿಸಿದವು. ಉತ್ಪಾದನೆಯ ಬಗ್ಗೆ ಚಿತ್ರ ಅಷ್ಟು ಸ್ಪಷ್ಟವಲ್ಲ. 1997ರಿಂದ ಏಳು ವರ್ಷಗಳ ಉಪಗ್ರಹ ಮಾಹಿತಿ ಪಶ್ಚಿಮ ಅರಬ್ಬೀ ಸಮುದ್ರದಲ್ಲಿ ಪ್ಲವಕ ಏರುತ್ತಿದೆಯೆಂದಿತ್ತು. ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2016ರಲ್ಲಿ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಅದು 20 ಶೇಕಡದವರೆಗೆ ಕುಸಿದಿದೆಯೆಂದು ಅಂದಾಜಿಸಿದರು.

ಪ್ಲವಕದ ಕುಸಿತ ಮತ್ತು ನೀರಿನ ಬಿಸಿಯೇರಿಕೆ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಪ್ಲವಕ ಕಡಿಮೆಯಾದರೆ ಕೆಳಗೆ ಕೊಳೆಯುವುದೂ ಕಡಿಮೆ, ಆಮ್ಲಜನಕದ ಖರ್ಚೂ ಕಡಿಮೆ. ನೀರು ಬೆಚ್ಚಗಾಗಿ ಕಲಕಾಟ ನಿಂತರೆ ಆಮ್ಲಜನಕದ ಆವಕವೂ ಕಡಿಮೆ. ಯಾವುದು ಗೆಲ್ಲುತ್ತದೆಂಬುದರಲ್ಲಿ ವಾಯುಗುಣ ಮಾದರಿಗಳು ಪರಸ್ಪರ ಒಪ್ಪುವುದಿಲ್ಲ. ಪರಿಣಾಮ ಮಾತ್ರ ನೇರವಾದ ಏರಿಕೆಯಾಗಿರದೆ ಮೆಟ್ಟಿಲಿನದ್ದಾಗಿರುತ್ತದೆ: ಆಮ್ಲಜನಕ ಒಂದು ಮಿತಿಗಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಉಸಿರಾಟದ ಕ್ರಮವೇ ಬದಲಾಗುತ್ತದೆ. ಅರಬ್ಬೀ ಸಮುದ್ರ ಆ ಮಿತಿಯನ್ನು ಆಗಲೇ ದಾಟಿದೆ. ಅದರ ಅಂಚುಗಳು ಹಿಗ್ಗಿದರೆ ಕರಾವಳಿಯ ಮೀನಿನ ನೆಲೆ ಕುಗ್ಗುತ್ತದೆ. ಬಂಗಾಳ ಕೊಲ್ಲಿ ಮಿತಿಯ ಈಚೆಗೆ ನಿಂತಿದೆ. ಅಲ್ಲಿ ಉಳಿದಿರುವ ನ್ಯಾನೋಮೋಲ್‌ಗಳ ಮಟ್ಟದ ಆಮ್ಲಜನಕವೂ ಕರಗಿದರೆ ತೆರೆದ ಸಾಗರದಲ್ಲಿ ಸಾರಜನಕ ಕಳೆದುಕೊಳ್ಳುವ ದೊಡ್ಡ ವಲಯಗಳ ಸಂಖ್ಯೆ ಮೂರರಿಂದ ನಾಲ್ಕಾಗಬಹುದು.